ಮನೆ ಬಿಟ್ಟು ಹೋಗಬಹುದಿತ್ತಲ್ವಾ?

ಹೆತ್ತವರನ್ನು ಕೊಂದ ಆರೋಪ ಹೊತ್ತ ಮಕ್ಕಳ ಕೇಸುಗಳ ಬಗ್ಗೆ ಬರೆದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಷ್ಟೊಂದು ಹಿಂಸೆ ಇದ್ದಿದ್ರೆ ಸುಮ್ನೆ ಮನೆ ಬಿಟ್ಟು ಹೋಗಬಹುದಿತ್ತಲ್ವಾ? ಕೊಲ್ಲೋದ್ಯಾಕೆ?" ಕೇಳುವವರೇನೂ ಕಲ್ಲೆದೆಯವರಲ್ಲ. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳುವುದೂ ಇದನ್ನೇ.

ನನ್ನ ಉತ್ತರ ಚಿಕ್ಕದು. ಕೆಲವರು ಹೋಗಿದ್ದರು. ದೊಡ್ಡವರೇ ವಾಪಸ್ ಕಳಿಸಿದರು.

ಅಮೆರಿಕದ ವಯೋಮಿಂಗ್ ರಾಜ್ಯದ ಶೈಯೆನ್ ಊರಿನ ಕೇಸು ನೋಡಿ. 1982. ಹುಡುಗನಿಗೆ 16 ವರ್ಷ, ಅದಕ್ಕೇ ಹೆಸರು ಬೇಡ. ಅಪ್ಪ ತೆರಿಗೆ ಇಲಾಖೆಯಲ್ಲಿ ತನಿಖಾಧಿಕಾರಿ, ಮನೆ ತುಂಬ ಬಂದೂಕು. ಆ ವರ್ಷದ ಮೇ ತಿಂಗಳಲ್ಲಿ ಏಟು ತಿಂದ ಹುಡುಗ ಶೆರೀಫ್ ಕಚೇರಿಗೆ ಹೋಗಿ ದೂರು ಕೊಟ್ಟ. ಒಂದಷ್ಟು ವಿಚಾರಣೆ ಆಯಿತು. ಕೊನೆಗೆ ಹುಡುಗ ಮತ್ತೆ ಅದೇ ಮನೆಗೆ, ಅದೇ ಅಪ್ಪನ ಮುಂದೆ. ದೂರು ಕೊಟ್ಟ ವಿಷಯ ಈಗ ಅಪ್ಪನಿಗೂ ಗೊತ್ತು! ನವೆಂಬರ್‌ನಲ್ಲಿ ಒಂದು ರಾತ್ರಿ ಅಪ್ಪ, ಅಮ್ಮ ಹೊರಗೆ ಊಟ ಮಾಡಿಕೊಂಡು ಬರುವ ತನಕ ಗ್ಯಾರೇಜಿನ ಕತ್ತಲಲ್ಲಿ ಕಾದು ಕೂತ. ಅಪ್ಪ ಬಾಗಿಲ ಹತ್ತಿರ ಬಂದಾಗ ಗುಂಡು ಹೊಡೆದ.

ಜ್ಯೂರಿ ಇದನ್ನು ಕೊಲೆ ಅನ್ನಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ ಅಂದಿತು. ಆದರೂ 5ರಿಂದ 15 ವರ್ಷ ಶಿಕ್ಷೆಯಾಯಿತು. 1984ರಲ್ಲಿ ಗವರ್ನರ್ ಅದನ್ನು ಕಡಿಮೆ ಮಾಡಿದರು.

ಇನ್ನು ಜಿಪ್ಸಿ ರೋಸ್ ಬ್ಲಾಂಚರ್ಡ್. ಈ ಹೆಸರು ತುಂಬ ಜನರಿಗೆ ಗೊತ್ತು. ಚೆನ್ನಾಗಿ ನಡೆಯಬಲ್ಲ ಹುಡುಗಿಯನ್ನು ಅಮ್ಮ ಡೀ ಡೀ ವರ್ಷಗಟ್ಟಲೆ ವೀಲ್‌ಚೇರಿನಲ್ಲಿ ಕೂರಿಸಿದ್ದಳು. ಇಲ್ಲದ ಕಾಯಿಲೆಗಳಿಗೆ ಔಷಧಿ, ಆಪರೇಷನ್, ಹೊಟ್ಟೆಗೆ ಊಟದ ಟ್ಯೂಬು. ಮಗಳಿಗೆ ತನ್ನ ನಿಜವಾದ ವಯಸ್ಸೇ ಗೊತ್ತಿರಲಿಲ್ಲ. 2007ರಲ್ಲಿ ಒಬ್ಬ ವೈದ್ಯರಿಗೆ ಅಮ್ಮನ ಮೇಲೆ ಅನುಮಾನ ಬಂತು. ಫೈಲಿನಲ್ಲಿ ಬರೆದಿಟ್ಟರು, ಅಷ್ಟೇ. 2009ರಲ್ಲಿ ಯಾರೋ ಹೆಸರು ಹೇಳದೆ ಪೊಲೀಸರಿಗೆ ತಿಳಿಸಿದರು. ಪೊಲೀಸರು ಮನೆಗೆ ಬಂದು, ಅಮ್ಮನ ಮಾತು ನಂಬಿ ಹೊರಟುಹೋದರು. 2011ರಲ್ಲಿ ಜಿಪ್ಸಿ ನಿಜಕ್ಕೂ ಮನೆ ಬಿಟ್ಟು ಹೋದಳು, ಪರಿಚಯದ ಒಬ್ಬನ ಜೊತೆ. ಅಮ್ಮ ಹುಡುಕಿಕೊಂಡು ಬಂದು, ಇವಳಿನ್ನೂ ಮೈನರ್ ಅಂತ ಕಾಗದಪತ್ರ ತೋರಿಸಿ ಎಳೆದೊಯ್ದಳು. ಆಗ ಅವಳಿಗೆ 19 ತುಂಬಿತ್ತು. ಮನೆಗೆ ಬಂದ ಮೇಲೆ ಅಮ್ಮ ಸುತ್ತಿಗೆಯಲ್ಲಿ ಕಂಪ್ಯೂಟರ್ ಒಡೆದು, ತನ್ನನ್ನು ಮಂಚಕ್ಕೆ ಕಟ್ಟಿಹಾಕಿದಳು ಎಂದು ಜಿಪ್ಸಿ ಹೇಳಿದ್ದಾಳೆ. 2015ರ ಜೂನ್‌ನಲ್ಲಿ ಡೀ ಡೀ ಕೊಲೆಯಾದಳು. ಚಾಕು ಹಾಕಿದ್ದು ಜಿಪ್ಸಿಯ ಗೆಳೆಯ, ಅವಳ ಮಾತಿನಂತೆ.

ಮಾಸ್ಕೋದ ಖಚತುರ್ಯಾನ್ ಅಕ್ಕತಂಗಿಯರದೂ ಹೆಚ್ಚೂಕಡಿಮೆ ಇದೇ ಕಥೆ. ಮೂವರು, 17ರಿಂದ 19ರ ಒಳಗಿನವರು. ಅಮ್ಮನನ್ನು ಅಪ್ಪ ಮೊದಲೇ ಮನೆಯಿಂದ ಓಡಿಸಿದ್ದ. ಅಕ್ಕಪಕ್ಕದವರಿಗೂ ಅವನೆಂದರೆ ಭಯ. 2018ರ ಜುಲೈ 27ರಂದು, ಮನೆ ನೀಟಾಗಿಲ್ಲ ಅಂತ ಒಬ್ಬೊಬ್ಬಳನ್ನೇ ಕರೆದು ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆದ. ಸಂಜೆ ಅವನು ನಿದ್ದೆಯಲ್ಲಿದ್ದಾಗ ಮೂವರೂ ಮೇಲೆ ಬಿದ್ದು ಕೊಂದರು.

ಕಾನೂನು ತಡವರಿಸುವುದು ಇಲ್ಲೇ. ಆತ್ಮರಕ್ಷಣೆ ಅನ್ನಬೇಕಾದರೆ ಅಪಾಯ ಆ ಕ್ಷಣದಲ್ಲೇ ಎದುರಿಗಿರಬೇಕು. ಮಲಗಿದ್ದವನಿಂದ ಏನು ಅಪಾಯ? ಶೈಯೆನ್ ಹುಡುಗನ ಪರವಾಗಿ ಮನೋವೈದ್ಯರ ಸಾಕ್ಷ್ಯ ಕೇಳಲು ಕೋರ್ಟು ಒಪ್ಪಲೇ ಇಲ್ಲ. 1993ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಇಂಥ ಸಾಕ್ಷ್ಯ ಕೇಳಬಹುದು ಅಂದಿತು. ಅದು ಮಲತಂದೆಯನ್ನು ಕೊಂದ 17ರ ಹುಡುಗನ ಕೇಸು. ಹಿಂದಿನ ದಿನ ಮಲತಂದೆ ಕೂಗಾಡಿದ್ದ. ಆದರೆ ಹುಡುಗ ನಡುಗಿದ್ದು ಆ ಕೂಗಿಗಲ್ಲ, ಆಮೇಲೆ ತಗ್ಗಿದ ದನಿಯಲ್ಲಿ ಅವನು ಆಡಿದ ಮಾತಿಗೆ. ಆ ದನಿ ಬಂದರೆ ಮುಂದೇನು ಅಂತ ಆ ಮನೆಯಲ್ಲಿ ಬೆಳೆದವರಿಗೇ ಗೊತ್ತು. ನಮಗೆ ಸುಮ್ಮನೆ ಗೊಣಗಿದ ಹಾಗೆ ಕೇಳಿಸುತ್ತದೆ.

ಹಾಗಂತ ಎಲ್ಲ ಕೇಸಿಗೂ ಇದೇ ಉತ್ತರ ಕೊಡಲ್ಲ. ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದ ಕ್ಯಾಥ್ಲೀನ್ ಹೈಡ್ ಹೆತ್ತವರನ್ನು ಕೊಂದವರನ್ನು ಮೂರು ಗುಂಪು ಮಾಡುತ್ತಾರೆ: ತೀವ್ರ ಹಿಂಸೆ ಅನುಭವಿಸಿದವರು, ತೀವ್ರ ಮಾನಸಿಕ ಕಾಯಿಲೆ ಇದ್ದವರು, ತಮ್ಮ ಲಾಭಕ್ಕೆ ಕೊಲ್ಲುವವರು. ಆಸ್ತಿಗಾಗಿ ಕೊಂದು ಆಮೇಲೆ ಹಿಂಸೆಯ ಕಥೆ ಕಟ್ಟುವವರೂ ಇರಬಹುದು.

ಅಮೆರಿಕದಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಕೊಂದ ಮೆನೆಂಡೆಜ್ ಸಹೋದರರ ವಿಷಯದಲ್ಲಿ ನಾನೂ ಅದೇ ಪ್ರಶ್ನೆ ಕೇಳುತ್ತೇನೆ. 1989ರಲ್ಲಿ ಲೈಲ್‌ಗೆ 21, ಎರಿಕ್‌ಗೆ 18. ಕೈಯಲ್ಲಿ ಕಾರಿತ್ತು, ಹೋಗಲು ಜಾಗ ಇತ್ತು. ಅಪ್ಪ ಲೈಂಗಿಕ ದೌರ್ಜನ್ಯ ಮಾಡಿದ್ದ ಎಂಬ ಅವರ ಮಾತನ್ನು ನಾನು ನಂಬುತ್ತೇನೆ. ಅಷ್ಟಾದರೂ ಅಮ್ಮನಿಗೆ ಗುಂಡು ಹೊಡೆದದ್ದಕ್ಕೆ ಅವರು ಕೊಟ್ಟ ಕಾರಣ ನನಗೆ ಸಾಕಾಗಿಲ್ಲ. 2025ರಲ್ಲಿ ಅವರ ಶಿಕ್ಷೆ ಇಳಿದು ಪರೋಲ್, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ, ಕೇಳುವ ಅವಕಾಶ ಸಿಕ್ಕಿತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆಗಸ್ಟ್‌ನಲ್ಲಿ ಪರೋಲ್ ಸಿಗಲಿಲ್ಲ.

"ಹಾಗಾದ್ರೆ ಜಿಪ್ಸಿಯನ್ನ ಬಿಟ್ಟುಬಿಡ್ತಿದ್ರಾ?" ಅಂತಲೂ ಕೇಳುತ್ತಾರೆ. ಇಲ್ಲ. ಅವಳು ತಪ್ಪೊಪ್ಪಿಕೊಂಡಳು, 10 ವರ್ಷ ಶಿಕ್ಷೆಯಾಯಿತು, 2023ರ ಡಿಸೆಂಬರ್‌ನಲ್ಲಿ ಹೊರಗೆ ಬಂದಳು. ನನಗದು ನ್ಯಾಯವಾಗೇ ಕಾಣುತ್ತದೆ. ಆದರೆ ಆ ಮನೆಯೊಳಗೆ ಅಷ್ಟು ವರ್ಷ ನಡೆದದ್ದನ್ನು ಹೊರಗಿನ ಒಬ್ಬರಾದರೂ ಸರಿಯಾಗಿ ವಿಚಾರಿಸಿದ್ದರೆ ಡೀ ಡೀ ಇವತ್ತು ಬದುಕಿರುತ್ತಿದ್ದಳು, ಬಹುಶಃ ಜೈಲಿನಲ್ಲಿ.