‘ಸೋಮವಾರದಿಂದ ಶುರು ಮಾಡೋಣ ಅಂತಿದೀನಿ, ಏನು ಮಾಡ್ಲಿ?’

ಮದುವೆ ಪಂಕ್ತೀಲಿ, ಹಾಲಿನ ಬೂತ್ ಮುಂದೆ, ಲಿಫ್ಟಿನೊಳಗೆ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. “ಸೋಮವಾರದಿಂದ ವ್ಯಾಯಾಮ ಶುರು ಮಾಡೋಣ ಅಂತಿದೀನಿ ಸಾರ್, ಏನು ಮಾಡ್ಲಿ?” ಹೇಳಿ ಹೇಳಿ ಬಾಯಿ ನೋವು ಬಂತು. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ.

ಮೊದಲು ನನ್ನ ತಕರಾರು ಆ ‘ಅಂತಿದೀನಿ’ ಮೇಲೆ. ಮಾಡ್ತೀನಿ ಅಲ್ಲ, ಮಾಡೋಣ ಅಂತಿದೀನಿ. ತಪ್ಪಿಸಿಕೊಳ್ಳೋ ಬಾಗಿಲನ್ನ ಮಾತಲ್ಲೇ ತೆರೆದಿಟ್ಟುಕೊಂಡಿದೀರಿ. ಸೋಮವಾರ ಬಂದರೆ ಅಮಾವಾಸ್ಯೆ ಕಳೀಲಿ ಅಂತೀರಿ. ಆಮೇಲೆ ಆಷಾಢ, ಆಮೇಲೆ ಗೌರಿ-ಗಣೇಶ, ದಸರಾಕ್ಕೆ ಮನೆ ತುಂಬ ನೆಂಟರು. ಅಮಾವಾಸ್ಯೆಗೆ ರಜೆ ಹಾಕೋ ಹಕ್ಕು ನಮ್ಮ ಮೈಸೂರಲ್ಲಿ ಅಷ್ಟಾಂಗ ಯೋಗದವರಿಗೆ ಮಾತ್ರ. ಪಟ್ಟಾಭಿ ಜೋಯಿಸರ ಪರಂಪರೇಲಿ ಅಮಾವಾಸ್ಯೆ, ಹುಣ್ಣಿಮೆ ಎರಡಕ್ಕೂ ಅಭ್ಯಾಸ ಇಲ್ಲ. ಆದರೆ ಮಿಕ್ಕ ದಿನ ಗೋಕುಲಂ ಬಡಾವಣೇಲಿ ಬೆಳಕು ಹರಿಯೋ ಮುಂಚೆ ಅವರು ಚಾಪೆ ಮೇಲಿರ್ತಾರೆ. ನಿಮಗೆ ಮಿಕ್ಕ ದಿನವೂ ಅಮಾವಾಸ್ಯೆ.

ಎರಡನೇ ತಕರಾರು, ಉತ್ತರವನ್ನ ನೀವೇ ತಂದಿರ್ತೀರಿ. “ಬೆಟ್ಟ ಹತ್ತಿಬಿಡ್ಲಾ?” ಮೈಸೂರಿನವರಿಗೆ ವ್ಯಾಯಾಮ ಅಂದ ತಕ್ಷಣ ಚಾಮುಂಡಿ ಬೆಟ್ಟ. ದೊಡ್ಡದೇವರಾಜ ಒಡೆಯರ ಕಾಲದ ಆ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು ಭಕ್ತರಿಗಾಗಿ ಆದದ್ದು, ಹತ್ತು ವರ್ಷ ಕುರ್ಚಿ ಬಿಟ್ಟು ಏಳದ ಮೊಣಕಾಲಿಗಲ್ಲ. ಆದರೂ ಹೋಗ್ತೀರಿ. ಏದುಸಿರು ಬಿಡ್ತಾ ನಂದಿ ಮುಟ್ಟುವಷ್ಟರಲ್ಲಿ ಏಳುನೂರು ಮೆಟ್ಟಿಲ ಹತ್ತಿರ ಆಗಿರುತ್ತೆ. ಮೇಲೆ ಹೋಗಿ ಕೈಮುಗಿದು, ಫೋಟೋ ಹಾಕಿ, ಇಳಿಯೋದೇನು ಮಹಾ ಅಂತ ದಡದಡ ಇಳೀತೀರಿ. ಏಟು ಬೀಳೋದೇ ಆಗ. ಹತ್ತುವಾಗ ಉಬ್ಬಸ ಬರುತ್ತೆ ಅಷ್ಟೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಇಡೀ ಮೈಭಾರಕ್ಕೆ ಬ್ರೇಕ್ ಹಾಕ್ತಾ, ಹಾಕ್ತಲೇ ಉದ್ದಕ್ಕೆ ಎಳೆದುಕೊಳ್ಳುತ್ತೆ. ಅಭ್ಯಾಸ ಇಲ್ಲದ ಸ್ನಾಯುವಿನ ಎಳೆಗಳಿಗೆ ಪೆಟ್ಟಾಗೋದು ಈ ಕೆಲಸದಲ್ಲೇ. ನೋವು ಅವತ್ತೇ ಗೊತ್ತಾಗಲ್ಲ, 24ರಿಂದ 72 ಗಂಟೆ ಒಳಗೆ ಜೋರಾಗುತ್ತೆ. ಭಾನುವಾರ ಬೆಟ್ಟ ಇಳಿದವರು ಮಂಗಳವಾರ ಕಕ್ಕಸಿನಲ್ಲಿ ಗೋಡೆ ಹಿಡಿದು ಕೂತಿರ್ತಾರೆ. ‘ಎಕ್ಸರ್‌ಸೈಜ್ ನನ್ ಮೈಗೆ ಆಗಿಬರಲ್ಲ’ ಅನ್ನೋ ಸಿದ್ಧಾಂತ ಹುಟ್ಟೋದೂ ಅಲ್ಲೇ.

ಎರಡೂ ಕಾಲಲ್ಲಿ ಸಮನಾಗಿ ಮಂದವಾಗಿ ನೋಯ್ತಿದ್ದರೆ ಹೆದರಬೇಡಿ, ನಿಧಾನಕ್ಕೆ ಓಡಾಡಿ, ತಾನೇ ಹೋಗುತ್ತೆ. ಒಂದೇ ಕೀಲಲ್ಲಿ ಚುಚ್ಚಿದರೆ, ಊದಿಕೊಂಡರೆ ನಿಲ್ಲಿಸಿ.

ಸರಿ, ಉತ್ತರ. ಮೊದಲ ಎರಡು ವಾರ, ವಾರಕ್ಕೆ ನಾಲ್ಕು ದಿನ, ಹತ್ತೇ ನಿಮಿಷ ನಡಿಗೆ. ನಿಮ್ಮ ಬೀದೀಲೇ. ನಮ್ಮೂರ ಹೆಬ್ಬಾಳದಲ್ಲಿ ಮನೆ ಮಾಡಿಕೊಂಡು ಕುಕ್ಕರಹಳ್ಳಿ ಕೆರೆಗೇ ಹೋಗ್ತೀನಿ ಅನ್ನಬೇಡಿ. ಗಾಡಿ ತೆಗೆದು ಅಲ್ಲಿಗೆ ಮುಟ್ಟೋದರಲ್ಲಿ ಅರ್ಧ ಉತ್ಸಾಹ ಮುಗಿದಿರುತ್ತೆ. ಅದೂ ಅಲ್ಲದೆ ಕೆರೆ ಏರಿ ಮೇಲೆ ಅರ್ಧ ಸುತ್ತು ಬಂದಮೇಲೆ ಸುಸ್ತಾದರೆ ಅಡ್ಡದಾರಿ ಇಲ್ಲ, ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ. ಮೂರನೇ ವಾರದಿಂದ ವಾರಕ್ಕೆ ಐದು ನಿಮಿಷ ಏರಿಸಿ. ಅರ್ಧ ಗಂಟೆ ಮುಟ್ಟಿದಮೇಲೆ ಐದನೇ ದಿನ ಸೇರಿಸಿ. ಅಲ್ಲಿಗೆ ವಾರಕ್ಕೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಕನಿಷ್ಠ ಲೆಕ್ಕ ಅದೇ. ವೇಗ ಅಳೆಯೋಕೆ ವಾಚು ಬೇಡ. ಮಾತಾಡೋಕಾಗಬೇಕು, ಹಾಡೋಕಾಗಬಾರದು.

ಮೂರನೇ ವಾರದಿಂದಲೇ ವಾರಕ್ಕೆರಡು ದಿನ ಬಲದ ಕೆಲಸ. ಗರಡಿಮನೆ ದಂಡ-ಬಸ್ಕಿಯನ್ನೇ ಮನೆಗೆ ತಕ್ಕಂತೆ ಇಳಿಸಿಕೊಳ್ಳಿ. ಬಸ್ಕಿ ಬದಲು ಕುರ್ಚಿ: ಕೈ ಊರದೆ ಎಂಟು ಸಲ ಎದ್ದು ಕೂರೋದು. ಕೂರುವಾಗ ದೊಪ್ಪನೆ ಬೀಳದೆ ಮನಸ್ಸಲ್ಲೇ ಮೂರು ಎಣಿಸ್ತಾ ಇಳೀರಿ. ಮೊಣಕಾಲು ಒಳಕ್ಕೆ ವಾಲಬಾರದು. ನೋವಾದರೆ ಕುರ್ಚಿ ಮೇಲೆ ಕಂಬಳಿ ಮಡಿಚಿ ಹಾಕಿ ಎತ್ತರ ಮಾಡಿ. ದಂಡದ ಬದಲು ಗೋಡೆ: ಒಂದು ಮಾರು ದೂರ ಅಲ್ಲ, ಒಂದು ತೋಳು ದೂರ ನಿಂತು, ಅಂಗೈ ಊರಿ, ಮೊಣಕೈ ಮಡಿಚಿ ಎದೆಯನ್ನ ಗೋಡೆ ಹತ್ತಿರ ತಂದು ವಾಪಸ್ ತಳ್ಳೋದು, ಎಂಟು ಸಲ. ಒಂದೂವರೆ ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಹನ್ನೆರಡು ಸಲೀಸಾದಾಗ ಗೋಡೆ ಬಿಟ್ಟು ಅಡುಗೆಮನೆ ಕಟ್ಟೆ, ಅದಾದಮೇಲೆ ಮಂಚದ ಅಂಚು, ಕೊನೆಗೆ ನೆಲ. ನೆಲಕ್ಕೆ ಬರೋದರೊಳಗೆ ತಿಂಗಳುಗಳೇ ಆಗಬಹುದು, ಆಗಲಿ.

ಹೃದಯದ ತೊಂದರೆ, ಬಿ.ಪಿ. ಇದ್ದವರು ಮೊದಲು ಡಾಕ್ಟರನ್ನ ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರೂ ಕೇಳಿ, ರಕ್ತದ ಸಕ್ಕರೆ ತೀರಾ ಇಳಿದರೆ ಬಾಯಿಗೆ ಹಾಕೋಕೆ ಜೇಬಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತೋ ಸಕ್ಕರೆಯೋ ಇರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ, ಆಸ್ಪತ್ರೆಗೆ ಹೋಗಿ.

“ಹೊಟ್ಟೆ ಎಷ್ಟು ದಿನಕ್ಕೆ ಇಳಿಯುತ್ತೆ?” ಇದಕ್ಕೆ ಸಿಟ್ಟು ಬರುತ್ತೆ, ಕ್ಷಮಿಸಿ. 70 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗೋದು ಸುಮಾರು 150 ಕ್ಯಾಲೊರಿ. ಬರುವಾಗ ಒಂದು ತುಂಡು ಮೈಸೂರು ಪಾಕು ತಿಂದರೆ ಲೆಕ್ಕ ಚುಕ್ತಾ. ಹೊಟ್ಟೆಯ ಮಾತು ತಟ್ಟೆ ಹತ್ತಿರ ಆಡಿ, ನನ್ನ ಹತ್ತಿರ ಅಲ್ಲ.

ಯಾರೂ ಕೇಳದ, ಕೇಳಲಿ ಅಂತ ನಾನು ಕಾಯೋ ಪ್ರಶ್ನೆ ಒಂದಿದೆ: “ಬಿಟ್ಟೋಯ್ತು, ಮತ್ತೆ ಹೆಂಗೆ ಹಿಡೀಲಿ?” ಯಾಕಂದ್ರೆ ಬಿಟ್ಟೇ ಹೋಗುತ್ತೆ. ಮಂಡ್ಯದ ಕಡೆ ಮದುವೆ ಸೀಸನ್ನಿನಲ್ಲಿ ವಾರಕ್ಕೆರಡು ಬೀಗರೂಟ ಇರೋರಿಗೆ, ಕಬ್ಬು ಕಡಿಯೋ ಕಾಲದಲ್ಲಿ ಗದ್ದೇಲೇ ಬೆಳಗಾಗೋರಿಗೆ ನಾಗಾ ಆಗದಿರುತ್ತಾ? 21 ದಿನಕ್ಕೆ ಅಭ್ಯಾಸ ಆಗುತ್ತೆ ಅನ್ನೋ ವಾಟ್ಸಾಪ್ ಮಾತು ನಂಬಿ, 22ನೇ ದಿನವೂ ಎದ್ದೇಳೋಕೆ ಕಷ್ಟ ಆದರೆ ತಮ್ಮದೇ ತಪ್ಪು ಅಂದುಕೊಳ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ರೂಢಿಗೆ ಬೀಳೋಕೆ ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೂ ಆಗಿರಲಿಲ್ಲ.

ಹಾಗಾಗಿ ವಾರ ತಪ್ಪಿದ್ದರೆ ಬಿಟ್ಟಲ್ಲಿಂದಲೇ ಹಿಡೀರಿ. ಎರಡು ಮೂರು ವಾರ ಆಗಿದ್ದರೆ ಅರ್ಧಕ್ಕಿಳಿದು, ಒಂದು ವಾರ ಕಳೆದಮೇಲೆ ಏರಿಸಿ. ತಿಂಗಳು ದಾಟಿದ್ದರೆ ಮತ್ತೆ ಹತ್ತು ನಿಮಿಷಕ್ಕೇ ಬನ್ನಿ, ಈ ಸಲ ಬೇಗ ಏರ್ತೀರಿ. ಜ್ವರ ಬಂದಿದ್ದರೆ ಪೂರ್ತಿ ಬಿಡೋವರೆಗೂ ಸುಮ್ಮನಿರಿ. ತಪ್ಪಿದ ದಿನಗಳ ಬಾಕಿಯನ್ನ ಒಂದೇ ದಿನ ತೀರಿಸೋಕೆ ಹೋಗಬೇಡಿ, ಅದು ಮತ್ತೆ ಬೆಟ್ಟದ ಕಥೆಯೇ. ಬೀಗರೂಟದ ದಿನ ಏನೂ ಆಗಲಿಲ್ಲವಾ? ಉಂಡಮೇಲೆ ಛತ್ರದ ಸುತ್ತ ಹತ್ತು ನಿಮಿಷ ನಿಧಾನಕ್ಕೆ ಓಡಾಡಿ, ಊಟದ ಮೇಲೆ ರಕ್ತದಲ್ಲಿ ಏರೋ ಸಕ್ಕರೆಯೂ ಅಷ್ಟು ತಗ್ಗುತ್ತೆ. ಅವತ್ತಿನ ಲೆಕ್ಕಕ್ಕೆ ಅದು ಸಾಕು.

ಇನ್ನು ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಇದೆಯಂತೆ, ಕಟ್ಟಲಾ ಅಂತ ಕೇಳೋರಿದೀರಿ. ಮೂರು ತಿಂಗಳು ಮನೆ ಕುರ್ಚಿ ಜೊತೆ ಆಗಲಿ. ಆಮೇಲೆ ಒಂದು ತಿಂಗಳದ್ದು ಕಟ್ಟಿ.