ಬೆಣ್ಣೆಯಂತೆ ಜಾರಿದ ಗಾಜು

ಬೆಳಿಗ್ಗೆ ಆರೂವರೆಗೆ ಫೋನು. "ಅಣ್ಣಾ, ಪೆಟ್ಟಿಗೆ ಖಾಲಿ ಇದೆ." ನಿದ್ದೆಗಣ್ಣಿನಲ್ಲಿ ಯಾವ ಪೆಟ್ಟಿಗೆ, ಏನು ಕಥೆ ಅಂತ ಹೊಳೆಯಲೇ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಅವನ ಅಮ್ಮನ ದನಿ ಕೇಳಿತು. "ಆ ಹುಳ ಸಿಗೋವರೆಗೆ ನಾನು ಅಂಕೋಲೆಗೆ ಅಕ್ಕನ ಮನೆಗೆ ಹೋಗಿರ್ತೇನೆ." ಹುಳ ಅಂದರೆ ಹಾವು. ಹಿರಿಯರು ಅದರ ಹೆಸರು ಹಿಡಿದು ಹೇಳುವುದಿಲ್ಲ. ನನ್ನ ನಿದ್ದೆ ಪೂರ್ತಿ ಇಳಿಯಿತು. ಆ ಪೆಟ್ಟಿಗೆ ಮಾಡಿಕೊಟ್ಟವನು ನಾನೇ.

ಕಾರವಾರದಲ್ಲಿ ನನ್ನದು ಗಾಜು, ಅಲ್ಯುಮಿನಿಯಂ ಕೆಲಸದ ಅಂಗಡಿ. ಕಿಟಕಿ, ಬಂಗಾರದಂಗಡಿಯ ಶೋಕೇಸು, ಬೇಕರಿ ಕೌಂಟರು, ಆಗೀಗ ಮೀನಿನ ತೊಟ್ಟಿ. ಇದು 2024ರ ಮಳೆಗಾಲದ ಮಾತು. ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಅದಕ್ಕೆ ಸ್ವಲ್ಪ ಮುಂಚೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗನೊಬ್ಬ ಬಂದು, ಹಾವಿಗೆ ಪೆಟ್ಟಿಗೆ ಬೇಕು ಅಂದ. ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವಿಷ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಅಡಗಿಸುತ್ತದೆ, ಅದಕ್ಕೇ ಆ ಹೆಸರು. ಅವನದು ಎರಡಡಿಯ ಮರಿ. ಬೆಳೆದರೆ ನಾಲ್ಕಡಿ ಆಸುಪಾಸು ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ನಾನು ಮಾಡುವ ಬಾಗಿಲುಗಳೂ ಅಷ್ಟು ಬಾಳುವುದಿಲ್ಲ.

ಅಳತೆ ಬರೆದುಕೊಂಡೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಬೇರೆ ಏನೂ ಕೇಳಲಿಲ್ಲ. ಅಳತೆಯಲ್ಲಿ ತಪ್ಪೇನೂ ಇರಲಿಲ್ಲ, ಬೆಳೆದ ಹಾವಿಗೂ ಅದು ಸಾಕು. ತಪ್ಪಿದ್ದು ನನ್ನ ತಲೆಯಲ್ಲಿ. ಶೋಕೇಸು ಮಾಡಿ ಮಾಡಿ ಅಭ್ಯಾಸ ಆದವನು ನಾನು. ಒಳಗಿರುವುದು ನಾಲ್ಕೂ ಕಡೆಯಿಂದ ಕಾಣಬೇಕು, ಬಾಗಿಲು ಬೆರಳು ಸೋಕಿದರೆ ಬೆಣ್ಣೆಯಂತೆ ಜಾರಬೇಕು, ಇವೆರಡೇ ನನ್ನ ಹೆಮ್ಮೆ. ಹಾಗೇ ಮಾಡಿಕೊಟ್ಟೆ. ಸುತ್ತಲೂ ಗಾಜು, ಮುಂದೆ ಎರಡು ಜಾರುವ ಗಾಜು, ತಳಕ್ಕೆ ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಶೋಕೇಸ್ ಲಾಕ್ ಹಾಕಲಾ ಅಂತ ಕೇಳುವ ಮನಸ್ಸಾಗಿತ್ತು. ಮನೆಯೊಳಗೆ ಇಡುವುದು, ಕಳ್ಳ ಬಂದು ಕದಿಯುವುದುಂಟೇ ಅಂತ ಸುಮ್ಮನಾದೆ. ಒಳಗಿನದೇ ಹೊರಗೆ ಹೊರಡಬಹುದು ಅಂತ ಯೋಚಿಸಲಿಲ್ಲ.

ಹಾವು ರಾತ್ರಿಯೆಲ್ಲ ಮೂಗಿನಿಂದ ಅಂಚು ತಡವುತ್ತಾ ಇರುತ್ತದೆ. ಎಲ್ಲಿ ಸ್ವಲ್ಪ ಸರಿಯಿತೋ ಅಲ್ಲಿ ಇನ್ನಷ್ಟು ತಳ್ಳುತ್ತದೆ. ನನ್ನ ಗಾಜು ಬೆಣ್ಣೆಯಂತೆ ಜಾರಿತು.

ಹುಡುಕಲು ನಾನೂ ಹೋದೆ. ಮಳೆ ಸುರಿಯುತ್ತಿತ್ತು. ಹುಡುಗ ಮಂಚದ ಕೆಳಗೆ ಕೈ ಹಾಕಿ ತಡಕುತ್ತಿದ್ದ. ನನಗೆ ಎದೆ ಧಸಕ್ಕೆಂದಿತು. ಆ ಹಾವಿನ ಬಣ್ಣ ಕಂದು, ಕಪ್ಪು, ಮೈಮೇಲೆ ದೊಡ್ಡ ಮಚ್ಚೆ. ಅರೆಗತ್ತಲಲ್ಲಿ ಕೊಳಕುಮಂಡಲ ಅಲ್ಲ ಅಂತ ಯಾರು ಹೇಳಬೇಕು? ಮಳೆಗಾಲದಲ್ಲಿ ನಮ್ಮ ಕಡೆ ಮನೆಯೊಳಗೆ ಹಾವು ಬರುವುದು ಹೊಸತೇನಲ್ಲ. ಮನೆಯಲ್ಲಿ ಒಂದು ಸಾಕಿದ ಹಾವು ತಪ್ಪಿಸಿಕೊಂಡಿದೆ ಅಂತ, ಕಂಡದ್ದೆಲ್ಲ ಅದೇ ಅಂದುಕೊಂಡು ಕೈ ಹಾಕಿದರೆ ಮುಗಿಯಿತು ಕಥೆ. ಇನ್ನು ಅಕ್ಕಪಕ್ಕದವರ ಕಣ್ಣಿಗೆ ಬಿದ್ದರೆ ಅವರೂ ಕೊಳಕುಮಂಡಲ ಅಂತಲೇ ದೊಣ್ಣೆ ತರುತ್ತಾರೆ. ಟಾರ್ಚು, ಉದ್ದದ ಕೋಲು ಇಲ್ಲದೆ ಎಲ್ಲಿಗೂ ಕೈ ಹಾಕಬೇಡ ತಮ್ಮಾ ಅಂತ ಗದರಿದೆ.

ಎರಡನೇ ದಿನ ಸಂಜೆ ಸಿಕ್ಕಿತು. ಫ್ರಿಜ್ಜಿನ ಹಿಂದೆ, ಕಂಪ್ರೆಸರ್ ಪಕ್ಕ, ಚೆಂಡಾಗಿ ಮಲಗಿತ್ತು. ಬೆಚ್ಚಗಿನ, ಇಕ್ಕಟ್ಟಾದ, ಕತ್ತಲೆಯ ಜಾಗ. ನಾನು ಮಾಡಿಕೊಟ್ಟ ಪೆಟ್ಟಿಗೆಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಆಮೇಲೆ ಕೇಳಿದರೆ ಹುಡುಗ ಹೇಳಿದ, ಪೆಟ್ಟಿಗೆಗೆ ಬಿಟ್ಟಾಗಿನಿಂದ ಅದು ಇಲಿ ಮುಟ್ಟಿರಲಿಲ್ಲವಂತೆ, ಮೂರು ವಾರ. ನಾಲ್ಕೂ ಕಡೆ ಗಾಜು, ಅಡಗಲು ಮೂಲೆ ಇಲ್ಲ. ನಡುಬೀದಿಯಲ್ಲಿ ಎಲೆ ಹಾಕಿ ಊಟಕ್ಕೆ ಕೂರಿಸಿದ ಹಾಗೆ.

ಎರಡನೇ ಪೆಟ್ಟಿಗೆಗೆ ನಾನು ದುಡ್ಡು ಕೇಳಲಿಲ್ಲ. ಈ ಸಲ ಮೊದಲು ಒಂದು ಗಂಟೆ ಕೂತು ಕೇಳಿಸಿಕೊಂಡೆ. ಒಂದು ತುದಿ 31–33 ಡಿಗ್ರಿ ಬಿಸಿ, ಇನ್ನೊಂದು ತುದಿ 25ರ ಆಸುಪಾಸು ತಂಪು ಇರಬೇಕು. ಹಾವಿನ ಮೈಗೆ ತನ್ನದೇ ಬಿಸಿ ಇಲ್ಲ, ಅದು ಜಾಗ ಬದಲಿಸಿಯೇ ಮೈ ಕಾಯಿಸಿಕೊಳ್ಳುವುದು, ಅರಗಿಸಿಕೊಳ್ಳುವುದು. ಪೆಟ್ಟಿಗೆಗೆ ಉದ್ದ ಬೇಕಾಗುವುದು ಅದಕ್ಕೇ. ಎರಡೂ ತುದಿಯಲ್ಲಿ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ಒಂದೇ ಕಡೆ ಇಟ್ಟರೆ ಅಡಗುವುದೋ ಬೇಕಾದ ಬಿಸಿಯೋ, ಎರಡರಲ್ಲಿ ಒಂದನ್ನು ಹಾವು ಬಿಡಬೇಕಾಗುತ್ತದೆ. ಹಾಗಾಗಿ ಮೂರು ಬದಿ ಪ್ಲೈ, ಮುಂದೆ ಮಾತ್ರ ಗಾಜು ಅಂತ ಮಾಡಿದೆ. ಬಾಗಿಲು ಮುಂದಿನಿಂದಲೇ ಇರಲಿ ಅಂತ ಅವನು ಹೇಳಿದ್ದೂ ಅರ್ಥ ಆಯಿತು. ಮೇಲಿನಿಂದ ಕೈ ಇಳಿದರೆ ಹದ್ದು ಎರಗಿದ ಹಾಗೆ ಹಾವಿಗೆ.

ಮೊದಲ ಪೆಟ್ಟಿಗೆಯ ಎಂಡಿಎಫ್ ತಳ ಅಷ್ಟರಲ್ಲೇ ನೀರು ಕುಡಿದು ಅವಲಕ್ಕಿಯಂತೆ ಉಬ್ಬಿತ್ತು. ಹೊಸದಕ್ಕೆ 710 ಗುರುತಿನ, ನೀರು ತಾಳುವ ಮರೈನ್ ಪ್ಲೈ ತಂದೆ. ಸಂದುಗಳಿಗೆಲ್ಲ ಅಕ್ವೇರಿಯಂ ಸಿಲಿಕಾನ್. ಅದು ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಕಿಟಕಿಗಾದರೆ ಮರುದಿನವೇ ಕೊಟ್ಟುಬಿಡುತ್ತೇನೆ. ಇದಕ್ಕೆ ವಾಸನೆ ಪೂರ್ತಿ ಹೋಗಲಿ ಅಂತ ಒಂದು ವಾರ ಬಾಗಿಲು ತೆಗೆದಿಟ್ಟೆ. ಹುಡುಗನಿಗೆ ಅವಸರ, ನಾನು ಬಿಡಲಿಲ್ಲ.

ತಲೆ ಕೆಡಿಸಿದ್ದು ತೇವ. ಹೊರದೇಶದವರ ವೀಡಿಯೋ ನೋಡಿ ಅವನು ದಿನಾ ನೀರು ಚಿಮುಕಿಸುತ್ತಿದ್ದ. ಬಾಲ್ ಪೈಥಾನಿಗೆ ಶೇ. 60ರ ಸುತ್ತಮುತ್ತ ತೇವಾಂಶ ಬೇಕು, ನಿಜ. ಆದರೆ ಅವರು ಹೀಟರ್ ಹಾಕಿದ ಒಣ ಮನೆಯಲ್ಲಿ ಕೂತು ಹೇಳುವ ಮಾತು ಅದು. ಕಾರವಾರದ ಜುಲೈಯಲ್ಲಿ ಗಾಳಿಯೇ ಶೇ. 90. ಹಪ್ಪಳ ಡಬ್ಬಿ ತೆಗೆದ ಐದು ನಿಮಿಷಕ್ಕೆ ಮೆತ್ತಗಾಗುವ ಊರಿನಲ್ಲಿ ನೀರು ಚಿಮುಕಿಸುವುದಾ? ತಳ ಒದ್ದೆಯಾಗಿಯೇ ಇದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಉಸಿರಿನ ಕಾಯಿಲೆ ಬರುತ್ತದೆ. ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ ಗಾಳಿಕಿಂಡಿ ಕೊರೆದೆ, ಬಿಸಿಗಾಳಿ ಮೇಲಿನಿಂದ ಹೋಗಲಿ ಅಂತ. ಕಿಂಡಿಗೆ ಸ್ಟೀಲ್ ಜಾಲರಿ. ಇಲ್ಲಿಯ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಜಾಲರಿ ಬಹಳ ದಿನ ತಾಳುವುದಿಲ್ಲ, ತುಕ್ಕು ಹಿಡಿದ ಮೂಲೆಯನ್ನು ಹಾವು ಮೂಗಿನಿಂದ ತಿವಿದು ಗಾಯ ಮಾಡಿಕೊಳ್ಳುತ್ತದೆ.

ಒಂದು ಒಳ್ಳೆ ಸಂಗತಿ ಆಗ ಗೊತ್ತಾಯಿತು. 24 ಡಿಗ್ರಿಯ, ಶೇ. 90 ತೇವದ ಗಾಳಿಯನ್ನು 31 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ತಾನಾಗಿ ಶೇ. 60ರ ಹತ್ತಿರ ಇಳಿಯುತ್ತದೆ. ಅಂದರೆ ಬಿಸಿಯೇ ಒಣಗಿಸುವ ಕೆಲಸವನ್ನೂ ಮಾಡುತ್ತದೆ. ಕರೆಂಟು ಹೋದರೆ ಎರಡೂ ಹೋಯಿತು. ಮರ ಬಿದ್ದು ಅರ್ಧ ದಿನ ಕರೆಂಟು ಇಲ್ಲದಿರುವುದು ನಮ್ಮಲ್ಲಿ ಮಾಮೂಲು, ಹಾಗಾಗಿ ಪ್ಲಗ್ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆವು.

ಬಿಸಿಗೆ ಬೆಳಕಿಲ್ಲದ ಸೆರಾಮಿಕ್ ಬಲ್ಬು, ಸುತ್ತ ಜಾಲರಿ, ಜೊತೆಗೆ ಬಿಸಿ ಅಳತೆ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್. ಇದರಲ್ಲಿ ಉಳಿತಾಯ ಮಾಡಲು ನಾನು ಯಾರಿಗೂ ಬಿಡುವುದಿಲ್ಲ. ಹಾವು ಬಿಸಿ ಬಲ್ಬಿಗೆ ಸುತ್ತಿಕೊಂಡರೆ ಮೈ ಸುಟ್ಟರೂ ಹಲವು ಸಲ ಸರಿಯುವುದಿಲ್ಲ. ವೈರ್ ಒಳಹೋಗುವ ತೂತನ್ನು ವೈರಿನಷ್ಟೇ ದಪ್ಪಕ್ಕೆ ಮುಚ್ಚಿದೆ. ಮುಂದಿನ ಗಾಜಿಗೆ ಬಂಗಾರದಂಗಡಿಯವರಿಗೆ ಹಾಕುವ ಹಲ್ಲಿನ ಲಾಕ್. ಗಾಜು ಜಾರುವ ಚಾನೆಲನ್ನು ಈ ಸಲ ಬೇಕೆಂದೇ ಬಿಗಿಯಾಗಿ ಇಟ್ಟೆ. ಕೆಲಸಗಾರ ಹುಡುಗ "ಸಾಹುಕಾರ್ರೇ, ಎಳೆಯೋಕೆ ಕಷ್ಟ" ಅಂದ. ಕಷ್ಟ ಆಗಲಿ ಮಾರಾಯ ಅಂದೆ.

ಆಮೇಲೆ ಶಿರಸಿಯ ಅಡಿಕೆ ತೋಟದ ಮನೆಯವರು ಇದೇ ಪೆಟ್ಟಿಗೆ ನೋಡಿ ತಮಗೂ ಒಂದು ಬೇಕು ಅಂದರು. ಅವರದು ಅಮೆರಿಕದ ಕಾರ್ನ್ ಸ್ನೇಕ್. ಹಾಗೇ ನಕಲು ಮಾಡಬಹುದಿತ್ತು, ಮಾಡಲಿಲ್ಲ. ಘಟ್ಟದ ಮೇಲೆ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕಿಂಡಿ ಚಿಕ್ಕದು ಸಾಕು. ಆ ಹಾವು ಹತ್ತುತ್ತದೆ, ಎತ್ತರ ಜಾಸ್ತಿ ಬೇಕು, ಒಳಗೆ ಕೊಂಬೆ ಬೇಕು. ತೆಳ್ಳಗಿನದು ಬೇರೆ, ಬಾಲ್ ಪೈಥಾನಿಗೆ ಸಾಲದ ಸಂದಿನಲ್ಲೂ ಇದು ತೂರುತ್ತದೆ.

ಈಗ ಕಾಗದಪತ್ರ ನೋಡದೆ ಟೇಪ್ ಬಿಚ್ಚುವುದಿಲ್ಲ. ಬಾಲ್ ಪೈಥಾನಿನಂಥ ಹೊರದೇಶದ ಹಾವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಕಾರವಾರದ ಹುಡುಗ ಮಾಡಿಸಿದ್ದ. ಹೊನ್ನಾವರದ ಕಡೆಯ ಒಬ್ಬರು ಬಂದು, ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದೆ, ಸಣ್ಣ ಪೆಟ್ಟಿಗೆ ಮಾಡಿಕೊಡಿ, ದುಡ್ಡು ಎಷ್ಟಾದರೂ ಆಗಲಿ ಅಂದಿದ್ದರು. ನಮ್ಮ ಹೆಬ್ಬಾವು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಇಟ್ಟುಕೊಂಡರೆ ಜೈಲು, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಅಂತ ಕಳಿಸಿದೆ. ಸ್ವಲ್ಪ ಬೇಜಾರಿನಿಂದಲೇ ಹೋದರು.

ಮೊನ್ನೆ ಆ ಹುಡುಗನ ಮನೆಗೆ ಕಿಟಕಿ ರಿಪೇರಿಗೆ ಹೋಗಿದ್ದೆ. ಹಾವು ಮೂರಡಿ ದಾಟಿದೆ, ತಂಪು ತುದಿಯ ಗೂಡಿನಲ್ಲಿ ಮೂಗು ಮಾತ್ರ ಹೊರಗಿಟ್ಟು ಮಲಗಿತ್ತು. ಲಾಕಿನ ಕೀಲಿ ಎಲ್ಲಿ ಅಂದೆ. ದೇವರ ಕೋಣೆಯ ಮೊಳೆಗೆ ನೇತುಹಾಕಿದ್ದಾರೆ ಅವನ ಅಮ್ಮ. ಮಗನ ಕೈಗೆ ಕೊಡುವುದಿಲ್ಲವಂತೆ. ರಾತ್ರಿ ಲೈಟ್ ಆರಿಸುವ ಮುಂಚೆ ತಾವೇ ಹೋಗಿ ಗಾಜನ್ನು ಒಮ್ಮೆ ಎಳೆದು ನೋಡುತ್ತಾರೆ.