ಅಜ್ಜಿಯ ಬಾಗಿನ ಎಲ್ಲಿ?

"ಅಮ್ಮಾ, ಇದ್ರಲ್ಲಿ ಅಜ್ಜಿದು ಯಾವುದು?"

ಊಟದ ಮೇಜಿನ ಮೇಲೆ ಎರಡು ಬಾಗಿನ ಸಿದ್ಧವಾಗಿದ್ದವು. ಒಂದು ಈ ಊರಿನ ಗೆಳತಿಗೆ, ಇನ್ನೊಂದು ಅವಳ ಅತ್ತೆಗೆ. ಆರು ವರ್ಷದ ಮಗಳು ಎರಡನ್ನೂ ಮುಟ್ಟಿ ನೋಡಿ, ಮೂರನೆಯದನ್ನು ಹುಡುಕುತ್ತಿದ್ದಳು.

"ಅಜ್ಜಿ ಬೆಂಗಳೂರಲ್ಲಿದ್ದಾರಲ್ಲ ಪುಟ್ಟಿ, ಇಲ್ಲಿಂದ ಹೇಗೆ ಕೊಡೋದು?" ಅಂದೆ. ಅವಳು ಸರಿ ಅಂತ ಹಲ್ಲುಜ್ಜೋಕೆ ಹೋದಳು. ನನಗೆ ಮಾತ್ರ ಆ ಉತ್ತರ ಗಂಟಲಲ್ಲೇ ಉಳಿಯಿತು.

ಇದು 2025ರ ಗೌರಿ ಹಬ್ಬ. ಆಗಸ್ಟ್ 26, ಮಂಗಳವಾರ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಅದು ಮಾಮೂಲಿ ಕೆಲಸದ ದಿನ. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೆ. ನಾಲ್ಕೂವರೆಗೇ ಎದ್ದು ತಲೆಗೆ ಸ್ನಾನ ಮಾಡಿ, ಹೂರಣ ರುಬ್ಬಿಟ್ಟಿದ್ದೆ. ಮಾವಿನೆಲೆ ಇಲ್ಲ, ಬರ್ಚ್ ಮರದ ಎಲೆಗಳನ್ನೇ ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದೆ. ಗೆಜ್ಜೆವಸ್ತ್ರ ಅಮ್ಮನೇ ಮಾಡಿ ಕಳಿಸಿದ್ದು. ಹದಿನಾರು ಗಂಟಿನ ದಾರವೂ ಅದರ ಜೊತೆಯಲ್ಲೇ ಬಂದಿತ್ತು. ಮೊರವೂ ಇಲ್ಲ. ಐಕಿಯಾದ ಬಿದಿರಿನ ಟ್ರೇಗಳಿಗೆ ಅರಿಶಿನ ಹಚ್ಚಿ, ಒಂದರ ಮೇಲೊಂದು ಮುಚ್ಚಿಟ್ಟಿದ್ದೆ.

"ಇಲ್ಲಿ ಮೊರ ಸಿಗಲ್ಲಮ್ಮ" ಅಂತ ಪ್ರತಿ ವರ್ಷ ಫೋನಿನಲ್ಲಿ ಹೇಳುತ್ತೇನೆ. "ಹೋಗ್ಲಿ ಬಿಡು, ಭಕ್ತಿ ಇದ್ರೆ ಸಾಕು" ಅಂತ ಅಮ್ಮ ಪ್ರತಿ ವರ್ಷ ಹೇಳುತ್ತಾಳೆ.

ಮೊರ ರಾಶಿ ರಾಶಿ ಸಿಗುವ ಕಡೆಯೂ ನಾನು ಅವಳಿಗೆ ಬಾಗಿನ ಕೊಡಲಿಲ್ಲ.

ಅದು 2017. ಅಪ್ಪನ ವರ್ಷಾಬ್ದಿಕ ಕಳೆದ ಮೇಲೆ ಬಂದ ಮೊದಲ ಗೌರಿ ಹಬ್ಬ. ನಾನು ಮಲ್ಲೇಶ್ವರದ ಮನೆಯಲ್ಲೇ ಇದ್ದೆ. ಹಿಂದಿನ ದಿನ 8ನೇ ಕ್ರಾಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಸಂಪಿಗೆ ರಸ್ತೆವರೆಗೂ ಬಾಳೆಕಂದು, ಹೂವು, ಮಣ್ಣಿನ ಗೌರಿ. ಐದು ಜೊತೆ ಮೊರ ತಂದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದಕ್ಕೂ ಅರಿಶಿನ ಬಳಿದಳು. ಬಳೆ, ಬಿಚ್ಚೋಲೆ, ಬಾಚಣಿಗೆ, ಬೆಲ್ಲದಚ್ಚು, ಎಲ್ಲ ಅವಳೇ ಜೋಡಿಸಿದಳು. ಮುತ್ತೈದೆಯರು ಬರುವ ಹೊತ್ತಿಗೆ ಕೈ ತೊಳೆದುಕೊಂಡು ಸುಮ್ನೆ ಅಡುಗೆಮನೆಗೆ ಹೋದಳು. ಅವಳ ಉಗುರಲ್ಲಿ ಅರಿಶಿನ ಹಾಗೇ ಇತ್ತು.

ನಾನು ಅವಳನ್ನು ಕರೆಯಲಿಲ್ಲ. ಅಷ್ಟು ವರ್ಷ ಮೊದಲ ಬಾಗಿನ ಅವಳಿಗೇ ಕೊಟ್ಟವಳು, ಅವತ್ತು ಮೇಲಿನ ಮನೆ ಆಂಟಿಗೆ ಕೊಟ್ಟು ಕಾಲಿಗೆ ಬಿದ್ದೆ. ಅಮ್ಮ ಒಳಗಿಂದಲೇ ಕೋಸಂಬರಿ ಕಳಿಸಿದಳು.

ಈ ಸಲ ಅಮ್ಮನಿಗೆ ಎಂಬತ್ತು ತುಂಬಿತು. ಅವಳು ಹುಟ್ಟಿದ್ದು 1945ರ ಗೌರಿ ಹಬ್ಬದ ದಿನವೇ. ತಾರೀಖು ಅವಳ ಲೆಕ್ಕಕ್ಕಿಲ್ಲ. ಭಾದ್ರಪದ ತದಿಗೆ ಬಂದರೆ ಒಂದು ವಯಸ್ಸು ಜಾಸ್ತಿ, ಅಷ್ಟೇ. "ಅಮ್ಮಂಗೆ ಹೇಳ್ಬೇಡ, ಹತ್ತೂವರೆಗೆ ವಿಡಿಯೋ ಕಾಲ್ ಮಾಡ್ತೀನಿ" ಅಂತ ಮೇಲಿನ ಮನೆ ಆಂಟಿ ವಾರದ ಹಿಂದೆಯೇ ಹೇಳಿದ್ದರು. ಅಂದರೆ ನಮಗೆ ಬೆಳಗ್ಗೆ ಏಳು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಹೋಳಿಗೆ ತಟ್ಟುತ್ತಾ ಕಾದೆ.

ಭಜನಾ ಮಂಡಳಿಯ ಎಂಟು ಜನ ಬಂದಿದ್ದರು. ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ನಮ್ಮ ನಡುಮನೆಯಲ್ಲಿ ಕೂತು ಅಮ್ಮನ ಹತ್ತಿರ ದೇವರನಾಮ ಕಲಿತವರು. ಕಣ್ಣು ಮಂಜಾದ ಮೇಲೂ ಅಮ್ಮ ಅವರಿಗೆಲ್ಲ ದಪ್ಪ ಅಕ್ಷರದಲ್ಲಿ ಹಾಡು ಬರೆದುಕೊಡುತ್ತಾಳೆ. ಶಾಲು ಹೊದಿಸುತ್ತಾರೆ, ಹಣ್ಣು ಕೊಡುತ್ತಾರೆ ಅಂದುಕೊಂಡಿದ್ದೆ. ಆಂಟಿ ಸೆರಗಿನ ಅಡಿಯಿಂದ ಮೊರದ ಬಾಗಿನ ತೆಗೆದರು.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ನಂಗಲ್ಲ ಕಣ್ರೇ ಇದು. ನಂಗ್ಯಾಕೆ?"

"ನೀವು ನಮಗೆಲ್ಲ ತಾಯಿ. ತಾಯಿಗೆ ಕೊಡ್ತಿದೀವಿ" ಅಂದರು ಆಂಟಿ. ಆಮೇಲೆ ಸ್ವಲ್ಪ ಮೆತ್ತಗೆ, "ಅವತ್ತು ನಿಮ್ಮನ್ನ ಒಳಗೆ ಬಿಟ್ಟು ನಾನು ಬಾಗಿನ ತಗೊಂಡು ಹೋದೆ. ಅವತ್ತಿಂದ ನನ್ನ ಮನಸ್ಸಿಗೆ ಸರಿ ಇಲ್ಲ" ಅಂದರು.

ಹೋಳಿಗೆ ಹಂಚಿನ ಮೇಲೆ ಸೀಯುವ ವಾಸನೆ ಬಂತು. ನಾನು ಒಲೆ ಆರಿಸಿದೆ. ಎಂಟು ವರ್ಷ. ಬಾಗಿನ ತಗೊಂಡು ಹೋದವರಿಗೆ ಅದು ನೆನಪಿತ್ತು. ಕೊಟ್ಟ ನಾನು ಮೊರ ಸಿಗಲ್ಲ ಅಂತ ಹೇಳಿಕೊಂಡು ಇದ್ದುಬಿಟ್ಟೆ.

ಅಮ್ಮ ಸೆರಗೊಡ್ಡಿ ಬಾಗಿನ ತಗೊಂಡಳು. ತಕ್ಷಣ ತೆರೆಯಲಿಲ್ಲ. ಮೊರದ ಅಂಚಿನ ಹಸಿ ಅರಿಶಿನದ ಮೇಲೆ ಹೆಬ್ಬೆರಳು ಆಡಿಸಿದಳು, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಫೋನಿನ ಕಡೆ ತಿರುಗಿ, ಎಂದಿನ ಹಾಗೆಯೇ ಕೇಳಿದಳು. "ನಿಂಗೆ ಈ ಸಲನೂ ಮೊರ ಸಿಗ್ಲಿಲ್ವೇನೇ?"

ನಾನು ಏನೋ ಹೇಳೋಕೆ ಹೋದೆ. ಅಷ್ಟರಲ್ಲಿ ತಾಳ ಶುರುವಾಯಿತು. ಯಾರೋ ಫೋನನ್ನು ಮಲಗಿಸಿಟ್ಟರು. ನಮ್ಮ ನಡುಮನೆಯ ಹಳೇ ಫ್ಯಾನ್ ಮಾತ್ರ ತಿರುಗುವುದು ಕಾಣುತ್ತಿತ್ತು. ಎಂಟು ಜನರ ನಡುವೆ ಅಮ್ಮನ ಸಣ್ಣ ದನಿ ನನಗೆ ಬೇರೆಯಾಗಿಯೇ ಕೇಳುತ್ತಿತ್ತು.

ಸ್ಕೂಲಿಗೆ ಹೊತ್ತಾಗಿತ್ತು. ಬಾಗಿಲ ಹತ್ತಿರ ಕೂತು ಮಗಳ ಶೂ ಲೇಸ್ ಕಟ್ಟುತ್ತಿದ್ದೆ.

"ಅಜ್ಜಿಗೆ ಬಾಗಿನ ಸಿಕ್ತು ಅಲ್ವಾ? ಯಾರು ಕೊಟ್ರು?"

"ಮೇಲಿನ ಮನೆ ಅಜ್ಜಿ" ಅಂದೆ.